ಗೆಟ್: ಇಂಗ್ಲಿಷ್ ಕ್ರಿಯಾಪದ

ಗೆಟ್ ಎಂಬುದು ಪಡೆಯುವುದು, ತಲುಪುವುದು, ಒಂದು ಸ್ಥಿತಿಗೆ ಬರುವುದು ಎಂಬ ಮೂರು ಮುಖ್ಯ ಅರ್ಥಗಳುಳ್ಳ ಇಂಗ್ಲಿಷ್ ಕ್ರಿಯಾಪದ. ಒಬ್ಬರಿಂದ ಕೆಲಸ ಮಾಡಿಸುವುದನ್ನು ಹೇಳುವ ಪ್ರೇರಣಾರ್ಥಕ ವಾಕ್ಯಗಳಲ್ಲಿ, ಕರ್ಮಣಿ ವಾಕ್ಯಗಳಲ್ಲಿ ಇದು ಸಹಾಯಕ ಕ್ರಿಯೆಯಂತೆಯೂ ದುಡಿಯುತ್ತದೆ. ಡಗ್ಲಸ್ ಬೈಬರ್ ಮತ್ತು ಸಂಗಡಿಗರು ಬರೆದ, 1999ರಲ್ಲಿ ಲಾಂಗ್‌ಮನ್ ಪ್ರಕಟಿಸಿದ ಮಾತು–ಬರಹಗಳ ವ್ಯಾಕರಣ ಗ್ರಂಥದ ಪ್ರಕಾರ, ಸಂಭಾಷಣೆಯಲ್ಲಿ ಅತಿ ಹೆಚ್ಚು ಬಾರಿ ಬರುವ ಪೂರ್ಣ ಕ್ರಿಯಾಪದ ಇದೇ. ಆದರೂ ಮಾತಾಡುವವರಿಗಾಗಲಿ ಕೇಳುವವರಿಗಾಗಲಿ ಇದು ಬಂದದ್ದು ಗಮನಕ್ಕೆ ಬರುವುದಿಲ್ಲ. ಪದಕ್ಕೆ ಸ್ವಂತ ಬಣ್ಣ ಕಡಿಮೆ, ಅರ್ಥದ ಹೆಚ್ಚಿನ ಪಾಲು ಪಕ್ಕದ ಪದಗಳದ್ದು.

ಹುಟ್ಟು ಮತ್ತು ಬಳಗ

ಗೆಟ್ ಇಂಗ್ಲೆಂಡಿನ ನೆಲದಲ್ಲಿ ಹುಟ್ಟಿದ್ದಲ್ಲ. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಯೂರಿದ ಸ್ಕ್ಯಾಂಡಿನೇವಿಯಾದವರ ಹಳೆಯ ನಾರ್ಸ್ ಭಾಷೆಯಲ್ಲಿ ‘ಗೆತ’ ಎಂಬ ಕ್ರಿಯಾಪದವಿತ್ತು. ಪಡೆಯುವುದು, ಮಗುವನ್ನು ಪಡೆಯುವುದು, ಊಹಿಸುವುದು ಎಂಬ ಅರ್ಥಗಳೆಲ್ಲ ಅದಕ್ಕಿದ್ದವು. ಮಧ್ಯಕಾಲೀನ ಇಂಗ್ಲಿಷಿನ ಬರಹಗಳಲ್ಲಿ ಗೆಟ್ ಬಿಡಿಪದವಾಗಿ ಕಾಣಿಸಿಕೊಳ್ಳುವುದು ಸುಮಾರು 1200ರ ಹೊತ್ತಿಗೆ. ಅದಕ್ಕಿಂತ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದೇ ಧಾತು ಉಪಸರ್ಗ ಹತ್ತಿದ ರೂಪಗಳಲ್ಲಷ್ಟೇ ಉಳಿದಿತ್ತು. ಇಂದಿನ ಬಿಗೆಟ್ ಮತ್ತು ಫರ್ಗೆಟ್ ಪದಗಳ ಪೂರ್ವರೂಪಗಳು ಹಾಗೂ ಅರಿತುಕೊಳ್ಳು ಎಂಬರ್ಥದ, ಮುಂದೆ ಅಳಿದುಹೋದ ಮತ್ತೊಂದು ಪದ ಆ ಗುಂಪಿಗೆ ಸೇರುತ್ತವೆ. ಫರ್ಗೆಟ್‌ನ ಮೊದಲ ಭಾಗ ತಪ್ಪಿಹೋಗುವುದನ್ನು ಸೂಚಿಸುವ ಉಪಸರ್ಗ. ಹಿಡಿತ ತಪ್ಪುವುದೇ ಮರೆವು ಎಂಬ ಕಲ್ಪನೆ ಅದರಲ್ಲಿದೆ.

ಸ್ಕ್ಯಾಂಡಿನೇವಿಯಾದ ಗುರುತು ಉಚ್ಚಾರದಲ್ಲಿ ಇಂದಿಗೂ ಉಳಿದಿದೆ. ಹಳೆಯ ಇಂಗ್ಲಿಷಿನಲ್ಲಿ ಇ, ಎ ಸ್ವರಗಳ ಮುಂದೆ ಗಕಾರ ಸಾಮಾನ್ಯವಾಗಿ ಯಕಾರವಾಗುತ್ತಿತ್ತು. ಫರ್ಗೆಟ್‌ನ ಹಳೆಯ ರೂಪಗಳಲ್ಲಿ ಕೇಳುತ್ತಿದ್ದದ್ದು ಆ ಯಕಾರವೇ. ಈ ಪದಗಳಲ್ಲಿ ಗಟ್ಟಿ ಗಕಾರ ನೆಲೆನಿಂತದ್ದು ನಾರ್ಸ್ ಪ್ರಭಾವದಿಂದ. ಗಿವ್ ಎಂಬ ಕ್ರಿಯಾಪದದ್ದೂ ಮೊಟ್ಟೆಯನ್ನು ಹೇಳುವ ಎಗ್ ಪದದ್ದೂ ಇದೇ ಕಥೆ. ಟೇಕ್, ಡೈ, ಸ್ಕೈ, ವಿಂಡೋ, ದೇ ಮುಂತಾದ ದಿನಬಳಕೆಯ ಪದಗಳು ಇಂಗ್ಲಿಷಿಗೆ ಬಂದದ್ದು ಇದೇ ಸಂಪರ್ಕದಿಂದ.

ಇಂಡೋ–ಯುರೋಪಿಯನ್ ಬಳಗದಲ್ಲಿ ಇದರ ಧಾತುವಿಗೆ ಹಿಡಿ ಎಂಬ ಅರ್ಥ. ಲ್ಯಾಟಿನ್ ಭಾಷೆಯ ‘ಪ್ರೆಹೆಂದೆರೆ’ ಅದೇ ಧಾತುವಿನಿಂದ ಬಂದದ್ದು. ಇಂಗ್ಲಿಷಿನ ಪ್ರಿಸನ್, ಸರ್‌ಪ್ರೈಸ್, ಕಾಂಪ್ರಿಹೆಂಡ್ ಪದಗಳು ಅದರ ಸಂತತಿ. ಹಾಗಾಗಿ ಅರ್ಥವಾಯಿತು ಎನ್ನಲು ಪಂಡಿತರು ಬಳಸುವ ಕಾಂಪ್ರಿಹೆಂಡ್ ಮತ್ತು ಹುಡುಗರು ಬಳಸುವ ‘ಐ ಗೆಟ್ ಇಟ್’ ಎರಡೂ ದೂರದ ದಾಯಾದಿಗಳು. ಕೈಯಲ್ಲಿ ಹಿಡಿಯುವುದರಿಂದ ಮನಸ್ಸಿನಲ್ಲಿ ಹಿಡಿಯುವುದಕ್ಕೆ ಅರ್ಥ ಜಾರಿದ್ದು ಎರಡರಲ್ಲೂ ಬೇರೆಬೇರೆಯಾಗಿ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಗ್ರಹಿಸು ಎಂಬ ಪದ ಬೇರೆ ಧಾತುವಿನದಾದರೂ ಅದೇ ದಾರಿ ಹಿಡಿದಿದೆ. ಜರ್ಮನ್ ಭಾಷೆಯಲ್ಲಿ ಈ ಧಾತು ಮರೆ ಎಂಬರ್ಥದ ‘ಫರ್‌ಗೆಸ್ಸನ್’ ಪದದಲ್ಲಿ ಉಳಿದಿದೆ. ತವರಾದ ಸ್ಕ್ಯಾಂಡಿನೇವಿಯಾದ ಭಾಷೆಗಳಲ್ಲಿ ಗೆತ ಬೇರೆ ದಾರಿಗಳನ್ನು ತುಳಿಯಿತು. ಇಂದಿನ ಐಸ್‌ಲ್ಯಾಂಡಿನ ಭಾಷೆಯಲ್ಲಿ ಗೆತ ಎಂದರೆ ಮುಖ್ಯವಾಗಿ ಒಂದು ಕೆಲಸ ಮಾಡಲು ಸಾಧ್ಯವಾಗುವುದು. ಡೇನಿಶ್ ಮತ್ತು ಸ್ವೀಡಿಶ್ ಭಾಷೆಗಳಲ್ಲಿ ಅದರ ಸಂಬಂಧಿ ಪದಗಳು ಒಂದು ಕೆಲಸಕ್ಕೆ ಮನಸ್ಸು ಬರುವುದನ್ನು, ಅದರ ಗೊಡವೆಗೆ ಹೋಗುವುದನ್ನು ಹೇಳುತ್ತವೆ.

ರೂಪಗಳು

ವರ್ತಮಾನದಲ್ಲಿ ಗೆಟ್ ಮತ್ತು ಗೆಟ್ಸ್, ನಡೆಯುತ್ತಿರುವ ಕ್ರಿಯೆಗೆ ಗೆಟಿಂಗ್, ಭೂತಕಾಲಕ್ಕೆ ಗಾಟ್. ಹಳೆಯ ಭೂತರೂಪ ‘ಗ್ಯಾಟ್’ 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಸಿಗುತ್ತದೆ. ಅದೇ ಅನುವಾದದ ವಂಶಾವಳಿಗಳಲ್ಲಿ ಮತ್ತೆಮತ್ತೆ ಬರುವ ‘ಬಿಗ್ಯಾಟ್’ ಅದರ ಒಡನಾಡಿ.

ಭೂತಕೃದಂತದ ವಿಷಯದಲ್ಲಿ ಅಟ್ಲಾಂಟಿಕ್‌ನ ಎರಡು ದಂಡೆಗಳು ಬೇರಾಗಿವೆ. ಬ್ರಿಟನ್ನಿನಲ್ಲಿ ಗಾಟ್ ಒಂದೇ ಸಾಮಾನ್ಯ. ಗಾಟನ್ ಎಂಬ ಹಳೆಯ ರೂಪ ಅಲ್ಲಿ ಕ್ರಮೇಣ ಹಿಂದೆ ಸರಿದು, ಅನ್ಯಾಯದ ಗಳಿಕೆಯನ್ನು ಹೇಳುವ ‘ಇಲ್–ಗಾಟನ್’ನಂಥ ಸಮಾಸಗಳಲ್ಲಿ ಮತ್ತು ಫರ್ಗಾಟನ್, ಬಿಗಾಟನ್ ಪದಗಳಲ್ಲಿ ಮಾತ್ರ ಗಟ್ಟಿಯಾಗಿ ಉಳಿಯಿತು. ಅಮೆರಿಕದಲ್ಲಿ ಎರಡೂ ಉಳಿದು ಕೆಲಸ ಹಂಚಿಕೊಂಡಿವೆ: ‘ಹ್ಯಾವ್ ಗಾಟ್ ಎ ಕಾರ್’ ಎಂದರೆ ಕಾರು ಇದೆ, ‘ಹ್ಯಾವ್ ಗಾಟನ್ ಎ ಕಾರ್’ ಎಂದರೆ ಕಾರು ಕೊಂಡಾಯಿತು. ಬ್ರಿಟಿಷ್ ಓದುಗರಲ್ಲಿ ಕೆಲವರು ಗಾಟನ್ ರೂಪವನ್ನು ಅಮೆರಿಕದವರ ಕೆಡಿಸಿದ ಇಂಗ್ಲಿಷ್ ಎಂದುಕೊಳ್ಳುವುದುಂಟು. ವಾಸ್ತವದಲ್ಲಿ ಅದು ಇಂಗ್ಲೆಂಡಿನಿಂದಲೇ ಹಡಗು ಹತ್ತಿದ ಹಳೆಯ ರೂಪ.

ಅರ್ಥಗಳ ಹರಹು

ನಿಘಂಟುಗಳು ಗೆಟ್‌ಗೆ ಹತ್ತಾರು ಅರ್ಥಗಳನ್ನು ಪಟ್ಟಿ ಮಾಡುತ್ತವೆ. ಅವುಗಳ ಹಿಂದಿನ ತರ್ಕ ಮಾತ್ರ ಸರಳ. ಇಂಗ್ಲಿಷಿನಲ್ಲಿ ಸ್ಥಿತಿಯನ್ನು ಹೇಳುವ ಮೂಲ ಕ್ರಿಯೆಗಳು ಎರಡು: ಹ್ಯಾವ್ ಮತ್ತು ಬೀ. ಆ ಸ್ಥಿತಿಗೆ ಕಾಲಿಡುವ ಗಳಿಗೆಯನ್ನು ಹೇಳಬೇಕಾದಾಗ ಎರಡಕ್ಕೂ ಬದಲಾಗಿ ಬರುವುದು ಗೆಟ್. ಟಿಕೆಟ್ ಇರುವುದು ಹ್ಯಾವ್, ಅದು ಕೈಗೆ ಬರುವುದು ಗೆಟ್. ಸಿಟ್ಟಿನಲ್ಲಿರುವುದು ಬೀ, ಸಿಟ್ಟಾಗುವುದು ಗೆಟ್. ಮನೆಯಲ್ಲಿರುವುದು ಬೀ, ಮನೆ ಮುಟ್ಟುವುದು ಗೆಟ್. ಒಡೆತನ, ಗುಣ, ಜಾಗ ಈ ಮೂರರಲ್ಲೂ ದಾಟುವಿಕೆಯನ್ನು ಒಂದೇ ಪದ ಹೊತ್ತಿರುವುದರಿಂದಲೇ ಅದು ಇಷ್ಟು ಕಡೆ ಕಾಣುತ್ತದೆ.

ಒಡೆತನದ ಗುಂಪಿನಲ್ಲಿ ಕರ್ತೃವಿನ ಪಾತ್ರ ಒಂದೇ ರೀತಿಯದಲ್ಲ. ‘ಐ ಗಾಟ್ ಎ ಲೆಟರ್’ ಎಂಬಲ್ಲಿ ಕರ್ತೃ ಏನೂ ಮಾಡಿಲ್ಲ, ಕಾಗದ ತಾನಾಗಿ ಬಂದಿದೆ. ‘ಗೆಟ್ ಸಮ್ ಮಿಲ್ಕ್’ ಎಂಬಲ್ಲಿ ಅಂಗಡಿಗೆ ಹೋಗಿ ತರುವ ಕೆಲಸವಿದೆ. ‘ಐ ಗಾಟ್ ಎ ಟಿಕೆಟ್’ ಎಂಬುದು ಕೊಂಡದ್ದೂ ಇರಬಹುದು, ಯಾರೋ ಕೊಟ್ಟದ್ದೂ ಇರಬಹುದು, ಪೊಲೀಸರು ಹಾಕಿದ ದಂಡದ ಚೀಟಿಯೂ ಇರಬಹುದು. ರೋಗ ತಗಲುವುದು, ಶಿಕ್ಷೆಯಾಗುವುದು, ಅಂಕ ಬರುವುದು, ಕಳ್ಳನನ್ನು ಹಿಡಿಯುವುದು, ಬಾಗಿಲು ತಟ್ಟಿದ ಸದ್ದಿಗೆ ಎದ್ದು ಹೋಗುವುದು, ಫೋನ್ ಎತ್ತುವುದು, ಹಾಸ್ಯ ಅರ್ಥವಾಗುವುದು ಇವೆಲ್ಲ ಇದೇ ಗುಂಪಿನ ಕವಲುಗಳು. ಇನ್ನೊಬ್ಬರಿಗಾಗಿ ತರುವಾಗ ಎರಡು ಕರ್ಮಗಳು ಬರುತ್ತವೆ: ‘ಗೆಟ್ ಮೀ ಎ ಚೇರ್’ ಎಂದರೆ ನನಗೊಂದು ಕುರ್ಚಿ ತಂದುಕೊಡು. ಇಷ್ಟಾದರೂ ಗೆಟ್ ತಾನೇ ಕರ್ಮಣಿ ರೂಪಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಕಾಗದ ಬಂತು ಎನ್ನಲು ‘ಎ ಲೆಟರ್ ವಾಸ್ ಗಾಟ್’ ಎಂದು ಯಾರೂ ಹೇಳುವುದಿಲ್ಲ. ಈ ಗುಣದಲ್ಲಿ ಅದು ಹ್ಯಾವ್‌ನ ತಮ್ಮನಂತಿದೆ.

ಗುಣಸೂಚಕ ಪದಗಳ ಜೊತೆ ಬಂದಾಗ ಗೆಟ್ ಬದಲಾವಣೆಯನ್ನು ಹೇಳುತ್ತದೆ: ಕತ್ತಲಾಗುವುದು ಗೆಟ್ ಡಾರ್ಕ್, ವಯಸ್ಸಾಗುವುದು ಗೆಟ್ ಓಲ್ಡ್, ನೆನೆಯುವುದು ಗೆಟ್ ವೆಟ್. ಬರಹದ ಇಂಗ್ಲಿಷಿನಲ್ಲಿ ಇಲ್ಲಿ ಬಿಕಮ್ ಅಥವಾ ಗ್ರೋ ಬರಬಹುದು. ವೃತ್ತಿ, ಸಂಬಂಧಗಳನ್ನು ಹೇಳುವ ನಾಮಪದದ ಮುಂದೆ ಗೆಟ್ ನಿಲ್ಲುವುದಿಲ್ಲ. ವೈದ್ಯನಾದ ಎನ್ನಲು ಬಿಕಮ್ ಬೇಕು. ‘ಗಾಟ್ ಎ ಡಾಕ್ಟರ್’ ಎಂದರೆ ವೈದ್ಯರನ್ನು ಕರೆತಂದ ಎಂದಾಗುತ್ತದೆ.

ಜಾಗದ ಅರ್ಥದಲ್ಲಿ ಕಷ್ಟದ ಛಾಯೆಯೊಂದು ಅಡಗಿರುತ್ತದೆ. ಗೋ ಎಂದರೆ ಹೋಗುವುದು, ಗೆಟ್ ಎಂದರೆ ಅಡ್ಡಿಗಳನ್ನು ದಾಟಿ ತಲುಪುವುದು. ದಾರಿ ಕೇಳುವಾಗ ‘ಹೌ ಡು ಐ ಗೆಟ್ ಟು ದ ಸ್ಟೇಷನ್’ ಎನ್ನುವುದು ಅದರಿಂದಲೇ. ಹಿಂದೆ ‘ನಿನ್ನನ್ನು ನೀನು ಒಯ್ದುಕೊ’ ಎಂಬಂಥ ಆತ್ಮಾರ್ಥಕ ರೂಪದಲ್ಲಿಯೂ ಇದು ಆಜ್ಞೆಯಾಗಿ ಬಳಕೆಯಲ್ಲಿತ್ತು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಒಫೀಲಿಯಾಳನ್ನು ಕನ್ಯಾಮಠಕ್ಕೆ ಹೋಗೆನ್ನುವ ಮಾತು ಅಂಥದ್ದು.

ಪ್ರೇರಣಾರ್ಥಕ ರಚನೆ

ಇನ್ನೊಬ್ಬರಿಂದ ಕೆಲಸ ಮಾಡಿಸುವುದನ್ನು ಹೇಳಲು ಇಂಗ್ಲಿಷಿನಲ್ಲಿ ಮೇಕ್, ಹ್ಯಾವ್, ಗೆಟ್ ಮೂರೂ ಇವೆ. ಸಹಿ ಹಾಕಿಸಿದ ಸಂದರ್ಭವನ್ನೇ ತೆಗೆದುಕೊಂಡರೆ, ಮೇಕ್ ಬಲವಂತವನ್ನು ಸೂಚಿಸುತ್ತದೆ. ಹ್ಯಾವ್ ಹೇಳಿದರೆ ಸಾಕು ಆಗುತ್ತದೆಂಬ ಅಧಿಕಾರವನ್ನು ಅಥವಾ ಏರ್ಪಾಟನ್ನು ಸೂಚಿಸುತ್ತದೆ. ಗೆಟ್‌ನಲ್ಲಿರುವುದು ಒಪ್ಪಿಸುವ ಪ್ರಯತ್ನ: ಮಾತಿನಿಂದಲೋ ಉಪಾಯದಿಂದಲೋ ಹಾಕಿಸಿದ್ದು. ವ್ಯಾಕರಣದಲ್ಲಿಯೂ ಅದು ಬೇರೆಯೇ. ಮೊದಲೆರಡರ ನಂತರ ಕ್ರಿಯೆಯ ಮೂಲರೂಪ ನೇರವಾಗಿ ಬರುತ್ತದೆ, ಗೆಟ್ ಆದರೆ ನಡುವೆ ‘ಟು’ ಬೇಕು.

ಮಾಡಿದವರು ಯಾರೆಂಬುದು ಮುಖ್ಯವಲ್ಲದಾಗ ಕರ್ಮದ ನಂತರ ಭೂತಕೃದಂತ ಬರುತ್ತದೆ. ಕೂದಲು ಕತ್ತರಿಸಿಕೊಳ್ಳುವುದು, ಗಾಡಿ ರಿಪೇರಿ ಮಾಡಿಸುವುದು, ಬಟ್ಟೆ ಹೊಲಿಸುವುದು ಇವಕ್ಕೆಲ್ಲ ಇದೇ ಅಚ್ಚು. ಬ್ರಿಟನ್ನಿನ 2019ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಘೋಷಣೆ ‘ಗೆಟ್ ಬ್ರೆಕ್ಸಿಟ್ ಡನ್’, ಅಂದರೆ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಕೆಲಸ ಮುಗಿಸಿ, ಎಂದಿತ್ತು. ಆ ಕೆಲಸವನ್ನು ಮುಗಿಸುವವರು ಯಾರು, ಮುಗಿಸುವುದು ಹೇಗೆ ಎಂಬುದನ್ನು ಹೇಳದೆ ಮುಗಿಯುವಿಕೆಯನ್ನಷ್ಟೇ ಮುಂದಿಡುವ ಅನುಕೂಲ ಈ ರಚನೆಗಿದೆ. ಇದೇ ಅಚ್ಚಿನಲ್ಲಿ ಬಯಸದೆ ಆದ ಅವಘಡಗಳೂ ಬರುತ್ತವೆ. ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡವನು ತನ್ನ ಬೆರಳನ್ನು ‘ಗಾಟ್ ಕಾಟ್’ ಮಾಡಿಕೊಂಡವನು. ಮಾಡಿಸಿದ್ದೋ ಆಗಿಹೋದದ್ದೋ ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು.

ಕರ್ಮಣಿ ರಚನೆ

ಇಂಗ್ಲಿಷಿನ ಸಾಮಾನ್ಯ ಕರ್ಮಣಿ ಪ್ರಯೋಗ ಬೀ ಕ್ರಿಯೆಯಿಂದ ಆಗುತ್ತದೆ. ಅದರ ಪಕ್ಕದಲ್ಲೇ ಗೆಟ್‌ನಿಂದಾಗುವ ಇನ್ನೊಂದು ಬೆಳೆದಿದೆ. ಅದರ ಮೊದಲ ಸುಳಿವುಗಳು 17ನೇ ಶತಮಾನದವು. ಅದು ಪೂರ್ತಿ ಕುದುರಿದ್ದು ಮುಂದಿನ ಶತಮಾನಗಳಲ್ಲಿ. ಗುಣಸೂಚಕದ ಜೊತೆಗಿನ ಬಳಕೆಯಿಂದ ಹುಟ್ಟಿತೆಂದು ಒಂದು ವಾದ. ‘ತನ್ನನ್ನು ತಾನು ಬಂಧನಕ್ಕೆ ಒಳಪಡಿಸಿಕೊಂಡ’ ಎಂಬಂಥ ಪ್ರೇರಣಾರ್ಥಕದಿಂದ ಆತ್ಮಾರ್ಥಕ ಸರ್ವನಾಮ ಉದುರಿ ಹುಟ್ಟಿತೆಂದು ಇನ್ನೊಂದು.

ಎರಡನೆಯ ವಾದಕ್ಕೆ ಬಲ ಕೊಡುವುದು ರಚನೆಯ ಧ್ವನಿ. ‘ವಾಸ್ ಅರೆಸ್ಟೆಡ್’ ಎಂದರೆ ಬಂಧನವಾಯಿತೆಂಬ ವರದಿ. ‘ಗಾಟ್ ಅರೆಸ್ಟೆಡ್’ ಎಂದರೆ ಅದರಲ್ಲಿ ಅವನದೂ ಒಂದು ಪಾಲಿದೆ, ಏನೋ ಮಾಡಿಕೊಂಡಿದ್ದಾನೆ ಎಂಬ ಸೂಚನೆ ಇರಬಹುದು. ಭಾಷಾವಿಜ್ಞಾನಿ ರಾಬಿನ್ ಲೇಕಾಫ್ 1971ರ ಲೇಖನದಲ್ಲಿ ಈ ಪ್ರಯೋಗದ ಹಿಂದೆ ಮಾತಾಡುವವರ ಭಾವನೆಯ ತೊಡಗುವಿಕೆ ಇರುತ್ತದೆಂದು ವಾದಿಸಿದರು. ಪೆಟ್ಟು, ಬೈಗುಳ, ಕೆಲಸದಿಂದ ವಜಾ, ಅಪಘಾತ ಮುಂತಾದ ಕೇಡಿನ ಸಂಗತಿಗಳಲ್ಲಿ ಇದು ಹೆಚ್ಚು. ಬಡ್ತಿ, ಆಯ್ಕೆ, ಸಂಬಳ ಸಿಗುವುದು ಮುಂತಾದ ಒಳಿತಿನ ಸಂಗತಿಗಳಲ್ಲಿಯೂ ಇದೆ. ಒಳಿತೂ ಅಲ್ಲದ ಕೆಡುಕೂ ಅಲ್ಲದ ಸಂಗತಿಗಳಲ್ಲಿ ಅಪರೂಪ. ಆದ್ದರಿಂದಲೇ ಸೇತುವೆಯೊಂದನ್ನು ಇಂಥ ವರ್ಷ ಕಟ್ಟಲಾಯಿತು ಎಂಬ ಮಾಹಿತಿವಾಕ್ಯದಲ್ಲಿ ಗೆಟ್ ಹೊಂದುವುದಿಲ್ಲ.

ಬೀ ಜೊತೆ ಹೋಲಿಸಿದರೆ ಇದಕ್ಕೆ ಪೂರ್ಣ ಸಹಾಯಕ ಕ್ರಿಯೆಯ ಲಕ್ಷಣಗಳಿಲ್ಲ. ಪ್ರಶ್ನೆ ಕೇಳಲು, ನಿಷೇಧಿಸಲು ಡು ಕ್ರಿಯೆಯ ನೆರವು ಬೇಕು. ಇದಕ್ಕಿರುವ ಒಂದು ಪ್ರಯೋಜನ ಸ್ಪಷ್ಟತೆ. ಬೀ ಬಂದಾಗ ಒಡೆದ ಸ್ಥಿತಿಯಲ್ಲಿತ್ತೋ ಒಡೆಯಲಾಯಿತೋ ಎಂಬ ಅನುಮಾನ ಉಳಿಯಬಹುದು. ಗೆಟ್ ಬಂದರೆ ಘಟನೆಯೇ ಎಂಬುದು ಖಚಿತ.

ಹ್ಯಾವ್ ಗಾಟ್

ಪಡೆದಿದ್ದೇನೆ ಎಂಬ ಪೂರ್ಣ ವರ್ತಮಾನವು ಇದೆ ಎಂಬ ಅರ್ಥಕ್ಕೆ ತಿರುಗಿ ಹ್ಯಾವ್ ಗಾಟ್ ಹುಟ್ಟಿತು. ಪಡೆದದ್ದು ಕೈಯಲ್ಲಿ ಇರಲೇಬೇಕಷ್ಟೆ. ಅದರ ಬೆನ್ನಿಗೆ ‘ಟು’ ಸೇರಿ ಬಾಧ್ಯತೆಯ ಅರ್ಥ ಬೆಳೆಯಿತು: ಹೋಗಲೇಬೇಕು ಎಂಬುದಕ್ಕೆ ‘ಹ್ಯಾವ್ ಗಾಟ್ ಟು ಗೋ’. ಮಾತಿನ ವೇಗದಲ್ಲಿ ಹ್ಯಾವ್ ಕರಗಿ, ಉಳಿದೆರಡು ಕೂಡಿ ‘ಗಾಟಾ’ ಆಯಿತು. ಅನೌಪಚಾರಿಕ ಅಮೆರಿಕನ್ ಮಾತಿನಲ್ಲಿ ಹ್ಯಾವ್ ಇಲ್ಲದ ಗಾಟ್ ಒಂದೇ ವರ್ತಮಾನಕಾಲದ ಕ್ರಿಯೆಯಂತೆ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಹಾಲು ಸಂಸ್ಕರಣಾ ಮಂಡಳಿಗಾಗಿ 1993ರಲ್ಲಿ ಶುರುವಾದ ‘ಗಾಟ್ ಮಿಲ್ಕ್?’ ಜಾಹೀರಾತು ಈ ಬಳಕೆಯ ಪ್ರಸಿದ್ಧ ಮಾದರಿ.

ಇದಕ್ಕೆ ಹತ್ತಿರವಾಗಿ ಕಂಡರೂ ‘ಗೆಟ್ ಟು’ ಬೇರೆ. ಅದು ಬಾಧ್ಯತೆಯಲ್ಲ, ಅವಕಾಶ. ‘ವಿ ಗಾಟ್ ಟು ಸೀ ದ ಪ್ಯಾಲೆಸ್’ ಎಂದರೆ ಅರಮನೆ ನೋಡಲು ಸಿಕ್ಕಿತು. ಬರಹದಲ್ಲಿ ಹ್ಯಾವ್ ಇದೆಯೇ ಇಲ್ಲವೇ ಎಂಬುದೇ ಬೇಕು ಮತ್ತು ಸಿಕ್ಕಿತು ಎಂಬ ಎರಡು ವಿರುದ್ಧ ಅರ್ಥಗಳನ್ನು ಬೇರೆಮಾಡುವ ಗುರುತು. ಹೊಸದಾಗಿ ಇಂಗ್ಲಿಷ್ ಕಲಿಯುವವರು ಎಡವುವ ಜಾಗ ಇದು.

ಅವ್ಯಯಗಳ ಜೊತೆ

ವ್ಯಾಕರಣಗಳು ಫ್ರೇಸಲ್ ವರ್ಬ್ ಎಂದು ಕರೆಯುವ ಜೋಡಿಪದಗಳಲ್ಲಿ ಗೆಟ್‌ನ ಪಾಲು ದೊಡ್ಡದು. ದಿಕ್ಕನ್ನು ಹೇಳುವ ಅಪ್, ಡೌನ್, ಇನ್, ಔಟ್, ಆನ್, ಆಫ್ ಇವುಗಳ ಜೊತೆ ಅರ್ಥ ನೇರ: ಏಳುವುದು, ಇಳಿಯುವುದು, ಒಳಬರುವುದು. ಬಸ್ಸು, ರೈಲುಗಳಿಗೆ ಆನ್ ಮತ್ತು ಆಫ್, ಕಾರಿಗೆ ಇನ್ ಮತ್ತು ಔಟ್ ಎಂಬ ಭೇದವಿದೆ. ನಿಂತು ನಡೆದಾಡುವಷ್ಟು ಜಾಗವಿರುವ ವಾಹನಗಳಿಗೆ ಮೊದಲ ಜೋಡಿ. ಉಳಿದ ಕಡೆ ದಿಕ್ಕು ರೂಪಕವಾಗುತ್ತದೆ. ಗೆಟ್ ಓವರ್ ಎಂದರೆ ದುಃಖದಿಂದಲೋ ಕಾಯಿಲೆಯಿಂದಲೋ ಚೇತರಿಸಿಕೊಳ್ಳುವುದು. ಗೆಟ್ ಬೈ ಎಂದರೆ ಇದ್ದುದರಲ್ಲಿ ಹೇಗೋ ಸಾಗಿಸುವುದು. ಗೆಟ್ ಅಲಾಂಗ್ ಎಂದರೆ ಹೊಂದಿಕೊಂಡು ಹೋಗುವುದು. ಗೆಟ್ ಅವೇ ವಿತ್ ಎಂದರೆ ತಪ್ಪು ಮಾಡಿಯೂ ದಕ್ಕಿಸಿಕೊಳ್ಳುವುದು. ಗೆಟ್ ಆನ್ ಎಂಬುದು ಬ್ರಿಟನ್ನಿನಲ್ಲಿ ಹೊಂದಿಕೊಳ್ಳುವುದಕ್ಕೂ ವಯಸ್ಸು ಮೀರುತ್ತಿರುವುದಕ್ಕೂ ಸಲ್ಲುತ್ತದೆ.

ಶಿಷ್ಟತೆಯ ಪ್ರಶ್ನೆ

ಬರವಣಿಗೆಯ ಕೈಪಿಡಿಗಳೂ ಶಾಲಾ ಶಿಕ್ಷಕರೂ ಗೆಟ್ ಬಗ್ಗೆ ಬಹುಕಾಲದಿಂದ ಮುನಿಸು ತೋರಿದ್ದಾರೆ. ಪ್ರತಿ ಸಂದರ್ಭಕ್ಕೂ ಆಬ್ಟೇನ್, ರಿಸೀವ್, ಅರೈವ್, ಬಿಕಮ್ ಮುಂತಾದ ನಿರ್ದಿಷ್ಟ ಪದವಿರುವಾಗ ಈ ಪದ ಬಳಸುವುದು ಸೋಮಾರಿತನವೆಂದು ಅವರ ಆಕ್ಷೇಪ. ಕಚೇರಿಪತ್ರ, ಕಾನೂನು ದಾಖಲೆ, ವೈಜ್ಞಾನಿಕ ಪ್ರಬಂಧಗಳಲ್ಲಿ ಅದು ಕಡಿಮೆ ಎಂಬುದು ನಿಜ. ಮಾತಿನಲ್ಲಿ ಅದನ್ನು ಬಿಟ್ಟರೆ ಮಾತು ಕೃತಕವಾಗುತ್ತದೆ ಎಂಬುದೂ ಅಷ್ಟೇ ನಿಜ. ಸಿ. ಕೆ. ಆಗ್ಡೆನ್ 1930ರಲ್ಲಿ 850 ಪದಗಳ ‘ಬೇಸಿಕ್ ಇಂಗ್ಲಿಷ್’ ರೂಪಿಸಿದಾಗ ಕ್ರಿಯಾಪದಗಳನ್ನು 18ಕ್ಕೆ ಇಳಿಸಿದರು. ಆಕ್ಷೇಪಕರು ಒಪ್ಪುವ ಆಬ್ಟೇನ್, ರಿಸೀವ್‌ಗಳನ್ನು ಕೈಬಿಟ್ಟು ಅವರು ಉಳಿಸಿಕೊಂಡದ್ದು ಗೆಟ್ ಅನ್ನು.

ಕನ್ನಡದ ಸಮಾನ ರಚನೆಗಳು

ಕನ್ನಡದಲ್ಲಿ ಗೆಟ್‌ಗೆ ಸರಿಸಮನಾದ ಒಂದೇ ಪದವಿಲ್ಲ. ಅದರ ಕೆಲಸ ಹಲವರ ನಡುವೆ ಹಂಚಿಹೋಗಿದೆ. ಮುಖ್ಯ ವ್ಯತ್ಯಾಸ ಕರ್ತೃವಿನದು. ಇಂಗ್ಲಿಷಿನಲ್ಲಿ ಪಡೆದವರೇ ಕರ್ತೃ. ಕನ್ನಡದಲ್ಲಿ ವಸ್ತು ತಾನಾಗಿ ಬಂದಿದ್ದರೆ ಅದೇ ಕರ್ತೃ, ಪಡೆದವರು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುತ್ತಾರೆ: ನನಗೆ ಕಾಗದ ಬಂತು, ಅವಳಿಗೆ ಕೆಲಸ ಸಿಕ್ಕಿತು, ಮಗುವಿಗೆ ಜ್ವರ ಬಂತು, ನನಗೆ ಅರ್ಥವಾಯಿತು. ಕರ್ತೃವಿನ ಪ್ರಯತ್ನವಿದ್ದಾಗ ಮಾತ್ರ ತೆಗೆದುಕೊಂಡ, ಪಡೆದ, ತಂದ, ಗಿಟ್ಟಿಸಿದ ಎಂದಾಗುತ್ತದೆ. ಇಂಗ್ಲಿಷ್ ಮುಚ್ಚಿಡುವ ಭೇದವನ್ನು ಕನ್ನಡ ವಾಕ್ಯ ತೆರೆದು ತೋರಿಸಲೇಬೇಕು. ಹಾಗಾಗಿ ‘ಐ ಗಾಟ್ ಎ ಟಿಕೆಟ್’ ಎಂಬುದನ್ನು ಕನ್ನಡಕ್ಕೆ ತರುವವರು ಮೊದಲು ಸನ್ನಿವೇಶವನ್ನು ತಿಳಿದಿರಬೇಕು. ಸ್ಥಿತಿಯ ಬದಲಾವಣೆಗೆ ಆಗು ಇದೆ: ಕತ್ತಲಾಯಿತು, ತಡವಾಯಿತು, ಮದುವೆಯಾಯಿತು.

ಪ್ರೇರಣಾರ್ಥಕ ಮತ್ತು ಕರ್ಮಣಿಗಳಲ್ಲಿ ಗೆಟ್‌ಗೆ ಅತಿ ಹತ್ತಿರ ಬರುವುದು ಕೊಳ್ಳು. ಅದರದೂ ಮೂಲಾರ್ಥ ತೆಗೆದುಕೊಳ್ಳುವುದು, ಕ್ರಯಕ್ಕೆ ಪಡೆಯುವುದು. ಅದೂ ಮುಖ್ಯ ಕ್ರಿಯೆಯಾಗಿದ್ದು ಸಹಾಯಕ ಕ್ರಿಯೆಯಾಯಿತು. ಮಾಡಿಸಿಕೊಂಡ, ಹೊಲಿಸಿಕೊಂಡ ಎಂಬಲ್ಲಿ ಏರ್ಪಾಟು, ಕೈ ಮುರಿದುಕೊಂಡ ಎಂಬಲ್ಲಿ ಅವಘಡ. ಗೆಟ್‌ನ ಎರಡು ಬಗೆಗಳೂ ಇಲ್ಲಿವೆ. ಇನ್ನೂ ಗಮನಾರ್ಹವಾದದ್ದು ಬೈಸಿಕೊಂಡ, ಹೊಡೆಸಿಕೊಂಡ, ನಾಯಿಯ ಕೈಲಿ ಕಚ್ಚಿಸಿಕೊಂಡ ಎಂಬ ಬಳಕೆ. ಪ್ರೇರಣೆಯ ‘ಇಸು’ ಇದ್ದರೂ ಇಲ್ಲಿ ಯಾರೂ ಬೈಯಲು ಹಚ್ಚಿಲ್ಲ. ಅರ್ಥ ಕರ್ಮಣಿಯದು, ಜೊತೆಗೆ ತುಸು ಹೊಣೆಯ ಛಾಯೆ. ‘ಅಲ್ಪಡು’ ಸೇರಿದ ಗ್ರಾಂಥಿಕ ಕರ್ಮಣಿ ಮಾತಿನಲ್ಲಿ ಹೊಂದದ ಜಾಗಗಳಲ್ಲಿ ಈ ರಚನೆ ಸಲೀಸಾಗಿ ನಿಲ್ಲುತ್ತದೆ. ಗೆಟ್‌ನ ಕರ್ಮಣಿ ಪ್ರೇರಣಾರ್ಥಕದಿಂದ ಬೆಳೆಯಿತೆಂಬ ವಾದ ಒಪ್ಪುವವರಿಗೆ ಸಂಬಂಧವಿಲ್ಲದ ಭಾಷೆಯೊಂದರಲ್ಲಿ ಸಿಗುವ ಒಳ್ಳೆಯ ಹೋಲಿಕೆ ಇದು.

ಭಾರತೀಯ ಇಂಗ್ಲಿಷ್ ಮತ್ತು ಕನ್ನಡದ ಮಾತು

ಭಾರತೀಯ ಇಂಗ್ಲಿಷಿನಲ್ಲಿ ವಾಹನದಿಂದ ಇಳಿಯುವುದಕ್ಕೆ ಗೆಟ್ ಡೌನ್ ರೂಢಿ. ಬ್ರಿಟಿಷ್ ಮತ್ತು ಅಮೆರಿಕನ್ ಬಳಕೆಯಲ್ಲಿ ಅಲ್ಲಿ ಗೆಟ್ ಆಫ್ ಬರುತ್ತದೆ. ಡೌಟ್ ಬಂತು, ಸಿಟ್ಟು ಬರ್ತಾ ಇದೆ ಎಂಬ ದೇಶಭಾಷೆಗಳ ಅಚ್ಚಿನಲ್ಲಿ ‘ಗಾಟ್ ಎ ಡೌಟ್’, ‘ಗೆಟಿಂಗ್ ಆ್ಯಂಗರ್’ ಎಂಬ ಪ್ರಯೋಗಗಳೂ ಕೇಳುತ್ತವೆ.

ಕನ್ನಡದ ಮಾತು ಇಂಗ್ಲಿಷ್ ಕ್ರಿಯಾಪದಗಳನ್ನು ಮಾಡು ಅಥವಾ ಆಗು ಸೇರಿಸಿ ಧಾರಾಳವಾಗಿ ತೆಗೆದುಕೊಳ್ಳುತ್ತದೆ: ಡ್ರಾಪ್ ಮಾಡು, ಅಡ್ಜಸ್ಟ್ ಆಗು. ಗೆಟ್ ಮಾಡು ಎಂಬುದು ಮಾತ್ರ ಬಳಕೆಯಲ್ಲಿಲ್ಲ. ಸ್ವಂತ ತೂಕ ಕಡಿಮೆಯಿರುವ, ವ್ಯಾಕರಣದ ಕೆಲಸಕ್ಕೆ ಕಟ್ಟಿಬಿದ್ದ ಕ್ರಿಯೆಯನ್ನು ಎರವಲು ಪಡೆಯುವ ಅಗತ್ಯ ಬೀಳಲಿಲ್ಲ. ಅದು ಕನ್ನಡದೊಳಗೆ ಬಂದದ್ದು ಹೆಪ್ಪುಗಟ್ಟಿದ ತುಣುಕುಗಳಾಗಿ. ಹಳೆಯ ಗೆಳೆಯರು ಸೇರುವ ಗೆಟ್ ಟುಗೆದರ್, ತರಗತಿಯಿಂದ ಹೊರಗಟ್ಟುವ ಗೆಟೌಟ್, ಚಿತ್ರರಂಗದಲ್ಲಿ ಪಾತ್ರದ ವೇಷಭೂಷಣವನ್ನು ಹೇಳುವ ಗೆಟಪ್ ಇಂಥವು.

ಇಂದಿನ ಸ್ಥಿತಿ

ಮಾತು ಮತ್ತು ಬರಹದ ನಡುವಿನ ಅಂತರ ಕಿರಿದಾದಂತೆ ಗೆಟ್‌ನ ಕರ್ಮಣಿ, ಗಾಟಾ ಮುಂತಾದ ರೂಪಗಳು ಪತ್ರಿಕೆ, ಜಾಹೀರಾತು, ಚುಟುಕು ಸಂದೇಶಗಳಲ್ಲಿ ಸಹಜವಾಗಿವೆ. ಕಂಪ್ಯೂಟರ್ ಲೋಕದಲ್ಲಿ ಪದಕ್ಕೆ ಪಾರಿಭಾಷಿಕ ಸ್ಥಾನ ಸಿಕ್ಕಿದೆ. ಟಿಮ್ ಬರ್ನರ್ಸ್–ಲೀ 1991ರಲ್ಲಿ ವಿವರಿಸಿದ, ವೆಬ್ ಪುಟಗಳನ್ನು ತರಿಸಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿಯ ಮೊದಲ ಆವೃತ್ತಿಯಲ್ಲಿ ಇದ್ದ ಆಜ್ಞೆ ಒಂದೇ, ಅದು ಗೆಟ್. ಬ್ರೌಸರ್‌ನಲ್ಲಿ ವಿಳಾಸ ಕೊಟ್ಟು ಪುಟ ತೆರೆಯುವಾಗ ಸರ್ವರ್‌ಗೆ ಹೋಗುವ ಕೋರಿಕೆ ಈಗಲೂ ಅದೇ ಹೆಸರಿನದು.

ನಾಮಪದವಾಗಿ ಗೆಟ್‌ನ ಬಳಕೆ ಕಿರಿದು. ಕುದುರೆ ಸಾಕಣೆಯಲ್ಲಿ ಗಂಡು ಕುದುರೆಯ ಸಂತತಿಗೆ, ಟೆನಿಸ್‌ನಲ್ಲಿ ಕೈಗೆಟುಕದಂತಿದ್ದ ಚೆಂಡನ್ನು ಓಡಿ ಹಿಂತಿರುಗಿಸುವ ಹೊಡೆತಕ್ಕೆ ಆ ಹೆಸರಿದೆ. ಸಂತತಿ ಎಂಬ ಅರ್ಥ ಹೀನಾಯವಾಗಿ ತಿರುಗಿ ಬ್ರಿಟನ್ನಿನಲ್ಲಿ ‘ಗಿಟ್’ ಎಂಬ ಬೈಗುಳವಾಯಿತು. ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಸಿದ್ಧಪಡಿಸಿದ, ಪ್ರೋಗ್ರಾಮುಗಳಲ್ಲಿ ಆಗುವ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶಕ್ಕೆ ಇಟ್ಟದ್ದು ಇದೇ ಹೆಸರು.

ಸಮರೂಪ ಪದಗಳು

ಯೆಹೂದಿ ಧರ್ಮಶಾಸ್ತ್ರದಲ್ಲಿ ಗಂಡ ಹೆಂಡತಿಗೆ ಕೊಡುವ ವಿಚ್ಛೇದನಪತ್ರದ ಹೆಸರೂ ‘ಗೆಟ್’. ಅದಕ್ಕೂ ಇಂಗ್ಲಿಷ್ ಕ್ರಿಯಾಪದಕ್ಕೂ ಸಂಬಂಧವಿಲ್ಲ. ಸಿಗು, ದಕ್ಕು ಎಂಬರ್ಥದ ಕನ್ನಡದ ‘ಗಿಟ್ಟು’ ಉಚ್ಚಾರದಲ್ಲಿಯೂ ಅರ್ಥದಲ್ಲಿಯೂ ಇದಕ್ಕೆ ಹತ್ತಿರವಾಗಿ ಕಾಣುತ್ತದೆ. ಅದು ಅಚ್ಚ ದ್ರಾವಿಡ ಪದ. ತಮಿಳು ಮತ್ತು ಮಲಯಾಳಗಳಲ್ಲಿ ‘ಕಿಟ್ಟು’ ಎಂಬ ಸಂಬಂಧಿ ರೂಪವಿದ್ದು, ತಮಿಳಿನಲ್ಲಿ ಅದಕ್ಕೆ ಹತ್ತಿರ ಬರು ಮತ್ತು ದೊರೆ ಎಂಬ ಎರಡೂ ಅರ್ಥಗಳಿವೆ. ಇಂಗ್ಲಿಷ್ ಪದದೊಂದಿಗಿನ ಹೋಲಿಕೆ ಆಕಸ್ಮಿಕ.